ಗಣಿತದ ಪರೀಕ್ಷೆಯೂ ಉತ್ತರದ ತಾಳೆಯೂ

ಬಿಸಿಲು ನೆತ್ತಿಯನ್ನು ಸುಡುವ ಏಪ್ರಿಲ್ ತಿಂಗಳಿನಲ್ಲಿ ದಾವಣಗೆರೆಯ ಮಕ್ಕಳಿಗೆ ಒಂದೇ ದಿನ ಎರಡು ಪರೀಕ್ಷೆಗಳು ಒದಗುತ್ತವೆ. ಮೊದಲನೆಯದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದವರು ನಡೆಸುವ ಸಾಮಾನ್ಯ ಪ್ರವೇಶ ಪರೀಕ್ಷೆ. ಮನೆಮನೆಯ ಮಾತಿನಲ್ಲಿ ಸಿ.ಇ.ಟಿ. ಎರಡನೆಯದು ಅದೇ ಸಂಜೆ ತಾಯಿತಂದೆಗಳೂ ಬಂಧುಗಳೂ ನೆರೆಯವರೂ ಕೂಡಿ ನಡೆಸುವ ಉತ್ತರದ ತಾಳೆ. ಮೊದಲನೆಯದಕ್ಕೆ ಗಂಟೆ ಬಾರಿಸಿ ಮುಗಿಸುವವರುಂಟು; ಎರಡನೆಯದಕ್ಕೆ ಇಲ್ಲ. ಮೊದಲನೆಯದರಲ್ಲಿ ತಪ್ಪು ಉತ್ತರಕ್ಕೆ ಅಂಕವನ್ನು ಕಳೆಯುವುದಿಲ್ಲ. ಎರಡನೆಯದರಲ್ಲಿ ಪ್ರತಿಯೊಂದು ತಪ್ಪಿಗೂ ಒಂದು ನಿಟ್ಟುಸಿರು, ಒಂದು ಹೋಲಿಕೆ, ಒಂದು ಚುಚ್ಚುಮಾತು ದಂಡವಾಗಿ ಬೀಳುತ್ತದೆ. ಈ ಎರಡನೆಯ ಪರೀಕ್ಷೆಯ ವಿಷಯದಲ್ಲಿ ವಿದ್ಯಾವಂತ ಮನೆತನದವರು ಇನ್ನಾದರೂ ವಿಚಾರಮಾಡುವುದು ಅವಶ್ಯ.

ಗಣಿತದ ಪತ್ರಿಕೆ ಮುಗಿದ ಹೊತ್ತಿನಲ್ಲಿ ಊರಿನ ಬೀದಿಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲೇಜುಗಳ ಬಾಗಿಲಿನಲ್ಲಿ, ಮಂಡಕ್ಕಿ ಮಿರ್ಚಿಯ ಅಂಗಡಿಗಳ ಮುಂದೆ, ಹರಿಹರದ ಕಡೆಗೆ ಹೊರಟ ಬಸ್ಸಿನೊಳಗೆ, ಎಲ್ಲೆಲ್ಲಿಯೂ ಒಂದೇ ಸಂಭಾಷಣೆ. “ಮೂವತ್ತೇಳಕ್ಕೆ ಏನು ಹಾಕಿದ್ಯೋ?” “ಬಿ.” “ಅಯ್ಯೋ, ನಾನು ಡಿ ಹಾಕಿಬಿಟ್ಟೆನಲ್ಲೋ!” ಅಷ್ಟಕ್ಕೆ ಒಬ್ಬನ ಮುಖ ಬಾಡುತ್ತದೆ. ಆದರೆ ಒಬ್ಬರನ್ನೊಬ್ಬರು ನೋಡಿ ಬರೆಯದಂತೆ ಪ್ರಾಧಿಕಾರದವರು ಪ್ರಶ್ನಪುಸ್ತಿಕೆಗಳನ್ನು ಬೇರೆ ಬೇರೆ ಸಂಕೇತಗಳಲ್ಲಿ, ಪ್ರಶ್ನೆಗಳ ಕ್ರಮವನ್ನು ಹಿಂದುಮುಂದು ಮಾಡಿ ಅಚ್ಚುಹಾಕಿಸಿರುತ್ತಾರೆ. ಒಬ್ಬನ ಮೂವತ್ತೇಳನೆಯ ಪ್ರಶ್ನೆ ಇನ್ನೊಬ್ಬನ ಹನ್ನೆರಡನೆಯದಾಗಿರಬಹುದು. ಇಬ್ಬರೂ ಸರಿಯಾಗಿಯೇ ಬರೆದಿದ್ದರೂ, ಬಾಡಿದ ಮುಖ ಮಾತ್ರ ತುಂಗಭದ್ರೆಯ ತೀರದವರೆಗೂ ಬಾಡಿಯೇ ಇರುತ್ತದೆ. ಪ್ರಶ್ನೆಯನ್ನೇ ಓದದೆ ಉತ್ತರವನ್ನು ಹೋಲಿಸುವ ಈ ವಿನೋದ ಮಕ್ಕಳಲ್ಲಿ ಕ್ಷಮ್ಯ.

ಹಿರಿಯರಲ್ಲಿ ಅದು ಕ್ಷಮ್ಯವಲ್ಲ. ಮನೆಗೆ ಬಂದ ಮಗುವಿನ ಕಾಲಿಗೆ ನೀರು ಬೀಳುವುದಕ್ಕೆ ಮೊದಲೇ ಯಾವುದೋ ತರಬೇತಿ ಸಂಸ್ಥೆಯವರು ಸಿದ್ಧಪಡಿಸಿದ ಉತ್ತರಗಳ ಪಟ್ಟಿ ತಂದೆಯ ಮೊಬೈಲಿಗೆ ಬಂದಿರುತ್ತದೆ. ತಂದೆ ಒಂದೊಂದೇ ಗುರುತನ್ನು ಓದುತ್ತಾನೆ; ಮಗಳು ಹೌದು ಅಥವಾ ಇಲ್ಲ ಎನ್ನುತ್ತಾಳೆ; ತಾಯಿ ಬೆರಳು ಮಡಿಸಿ ಎಣಿಸುತ್ತಾಳೆ. ಇಪ್ಪತ್ತು ನಿಮಿಷಗಳಲ್ಲಿ ಒಂದು ಸಂಖ್ಯೆ ಹೊರಬೀಳುತ್ತದೆ. ಎರಡು ವರ್ಷಗಳ ವ್ಯಾಸಂಗಕ್ಕೆ ಆ ಸಂಖ್ಯೆಯೇ ತೀರ್ಪು. ಹರಿಹರದ ಚಿಕ್ಕಪ್ಪನ ಮಗನಿಗೆ ಎಷ್ಟು ಬಂದಿತಂತೆ ಎಂದು ವಿಚಾರಿಸಿಯಾದ ಮೇಲೆ ಆ ತೀರ್ಪು ಇನ್ನೂ ಕಠಿಣವಾಗುತ್ತದೆ. ಮರುದಿನ ಬೆಳಿಗ್ಗೆ ಮತ್ತೊಂದು ಪತ್ರಿಕೆಯಿದೆಯೆಂಬುದು ಯಾರ ನೆನಪಿಗೂ ಬರುವುದಿಲ್ಲ. ೨೦೨೪ರಲ್ಲಿ ಏಪ್ರಿಲ್ ೧೮ರ ಮಧ್ಯಾಹ್ನ ಗಣಿತವೂ ೧೯ರಂದು ಭೌತಶಾಸ್ತ್ರ ರಸಾಯನಶಾಸ್ತ್ರಗಳೂ ಇದ್ದುವು. ನಡುವೆ ಇದ್ದ ಒಂದು ರಾತ್ರಿಯನ್ನು ಎಷ್ಟು ಮನೆಗಳು ಈ ಪಾಟೀಸವಾಲಿನಲ್ಲಿ ಕೆಡಿಸಿಕೊಂಡುವೋ, ಅದರ ಲೆಕ್ಕವನ್ನು ಯಾವ ಪ್ರಾಧಿಕಾರವೂ ಇಡುವುದಿಲ್ಲ.

ಹಾಗಾದರೆ ತಾಳೆ ನೋಡುವುದೇ ಬೇಡವೆ? ಹಾಗೆಂದು ಉಪದೇಶಿಸುವವರೂ ಇದ್ದಾರೆ. ಆದದ್ದು ಆಗಿಹೋಯಿತು, ಪತ್ರಿಕೆಯನ್ನು ಮಡಿಸಿಟ್ಟು ದೇವರ ಮೇಲೆ ಭಾರ ಹಾಕು ಎಂಬುದು ಅವರ ವಾದ. ಕೇಳುವುದಕ್ಕೆ ಹಿತವಾಗಿರುವ ಈ ವಾದದಲ್ಲಿ ಹುರುಳಿಲ್ಲ. ಉತ್ತರಪತ್ರಿಕೆಯ ಒಂದು ಪ್ರತಿಯನ್ನು ಮನೆಗೆ ಒಯ್ದು ಸ್ವತಃ ಮೌಲ್ಯಮಾಪನ ಮಾಡಿಕೊಳ್ಳಲೆಂದೇ ಪ್ರಾಧಿಕಾರದವರು ಅಭ್ಯರ್ಥಿಯ ಕೈಗೆ ಕೊಡುವ ಕ್ರಮವುಂಟು. ಅದನ್ನು ಒಂದು ವರ್ಷ ಜೋಪಾನವಾಗಿಡಬೇಕೆಂದು ಪುಸ್ತಿಕೆಯ ಮೇಲೆ ಅಚ್ಚುಹಾಕಿಸಿಯೂ ಇದ್ದಾರೆ. ಹೀಗೆ ಕೊಟ್ಟ ಹಕ್ಕನ್ನು ಮಡಿಸಿಡುವುದು ವೈರಾಗ್ಯವಲ್ಲ, ಸೋಮಾರಿತನ. ತಾಳೆ ನೋಡಲೇಬೇಕು. ಯಾವುದನ್ನು ಯಾವುದರೊಡನೆ ತಾಳೆ ನೋಡಬೇಕೆಂಬುದೇ ಇಲ್ಲಿಯ ಪ್ರಶ್ನೆ. ಗುರುತನ್ನು ಗುರುತಿನೊಡನೆ ಹೋಲಿಸುವುದು ತಾಳೆಯಲ್ಲ. ಸಾಧನೆಯನ್ನು ಸಾಧನೆಯೊಡನೆ, ಕಾರಣವನ್ನು ಕಾರಣದೊಡನೆ ಹೋಲಿಸುವುದು ತಾಳೆ. ಈ ನಿಯಮವು ಮನೆಗೆ ಎಷ್ಟು ಸಲ್ಲುತ್ತದೆಯೋ ಪ್ರಾಧಿಕಾರಕ್ಕೂ ಅಷ್ಟೇ ಸಲ್ಲುತ್ತದೆ.

ದಾವಣಗೆರೆಯವರಿಗೆ ಈ ಮಾತನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಹತ್ತಿಯಿಂದಲೂ ದವಸದಿಂದಲೂ ಬೆಳೆದ ಊರಿದು. ಇಲ್ಲಿಯ ಯಾವ ಮಂಡಿಯಲ್ಲಾದರೂ ಕಿರ್ದಿಯ ಮೊತ್ತಕ್ಕೂ ಖಾತೆಯ ಮೊತ್ತಕ್ಕೂ ಹೊಂದಿಕೆಯಾಗದಿದ್ದರೆ ಗುಮಾಸ್ತನು ಏನು ಮಾಡುತ್ತಾನೆ? ಕೊನೆಯ ಅಂಕಿಯನ್ನು ನೋಡಿ ಅಳುತ್ತ ಕೂಡುವುದಿಲ್ಲ. ಒಂದೊಂದೇ ಕಲಮನ್ನು ಹಿಡಿದು, ಯಾವ ಜಮೆ ಎಲ್ಲಿ ತಪ್ಪಿತು, ಯಾವ ಖರ್ಚು ಎರಡು ಸಲ ಬಿದ್ದಿತು ಎಂದು ಹಿಂದಕ್ಕೆ ನಡೆಯುತ್ತಾನೆ. ಮೊತ್ತಗಳು ಹೊಂದಿಕೊಂಡಾಗಲೂ ಜಾಣನಾದ ಯಜಮಾನನು ಅಷ್ಟರಿಂದಲೇ ತೃಪ್ತನಾಗುವುದಿಲ್ಲ. ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿ ಮೊತ್ತವನ್ನು ಸರಿಮಾಡಿರಬಹುದೆಂದು ಅವನಿಗೆ ಗೊತ್ತು. ತಕ್ಕಡಿಯ ಮುಳ್ಳನ್ನು ನೋಡದೆ ತೂಕವನ್ನು ಒಪ್ಪುವ ರೈತನೂ ಇಲ್ಲ. ಮೆಕ್ಕೆಜೋಳದ ಚೀಲಕ್ಕೆ ಇಷ್ಟು ಎಚ್ಚರವನ್ನು ತೋರಿಸುವ ಸಮಾಜವು ಮಗಳ ಗಣಿತಕ್ಕೆ ಮಾತ್ರ ಕೊನೆಯ ಅಂಕಿ ಸಾಕೆನ್ನುವುದು ವಿಚಿತ್ರವಲ್ಲವೆ?

ಕೊನೆಯ ಅಂಕಿ ಎಷ್ಟು ಮೋಸಗಾರನೆಂಬುದನ್ನು ಗಣಿತವೇ ಹೇಳುತ್ತದೆ. ಪತ್ರಿಕೆಯಲ್ಲಿ ೬೦ ಪ್ರಶ್ನೆಗಳು. ಪ್ರತಿಯೊಂದಕ್ಕೂ ನಾಲ್ಕು ಆಯ್ಕೆಗಳು. ತಪ್ಪಿಗೆ ಕಳೆಯುವ ಅಂಕವಿಲ್ಲ. ಒಂದು ಪ್ರಶ್ನೆಯನ್ನೂ ಓದದೆ ಕಣ್ಣುಮುಚ್ಚಿ ವೃತ್ತಗಳನ್ನು ತುಂಬಿದವನಿಗೂ ಸಂಭಾವ್ಯತೆಯ ನಿಯಮದಂತೆ ಸರಾಸರಿ ೧೫ ಅಂಕಗಳು ಬರಬೇಕು. ಉತ್ತರಿಸಲು ಸಿಗುವ ಕಾಲ ೭೦ ನಿಮಿಷ, ಎಂದರೆ ಪ್ರಶ್ನೆಯೊಂದಕ್ಕೆ ೭೦ ಕ್ಷಣ. ಅಷ್ಟರಲ್ಲಿ ಸಾಧಿಸಿ ಬರೆದದ್ದೆಷ್ಟು, ಆಯ್ಕೆಗಳನ್ನು ಹಾಕಿ ನೋಡಿ ತೆಗೆದದ್ದೆಷ್ಟು, ಹಣೆಬರಹಕ್ಕೆ ಬಿಟ್ಟದ್ದೆಷ್ಟು ಎಂಬ ಭೇದವನ್ನು ಗುರುತು ತೋರಿಸುವುದಿಲ್ಲ. ಆ ಭೇದ ತಿಳಿದಿರುವುದು ಮಗುವಿಗೆ ಮಾತ್ರ. ಸಂಜೆಯ ತಾಳೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೂ ಅದೇ. ಆದರೆ ಕೇಳುವವರಿಲ್ಲ.

ಒಂದು ಸಣ್ಣ ಉದಾಹರಣೆಯಿಂದ ಇದು ಸ್ಪಷ್ಟವಾದೀತು. ೧೬ನ್ನು ೬೪ರಿಂದ ಭಾಗಿಸೆಂದರೆ, ಮೇಲಿನ ೬ನ್ನೂ ಕೆಳಗಿನ ೬ನ್ನೂ ಹೊಡೆದುಹಾಕಿ, ಉಳಿದದ್ದು ೧ರ ಕೆಳಗೆ ೪, ಆದುದರಿಂದ ಕಾಲು ಎಂದು ಒಬ್ಬ ಹುಡುಗನು ಹೇಳಿದರೆ ಉತ್ತರ ಸರಿ. ೧೯ನ್ನು ೯೫ರಿಂದ ಭಾಗಿಸುವಾಗಲೂ ೯ನ್ನು ಹೊಡೆದರೆ ೧ರ ಕೆಳಗೆ ೫, ಅದೂ ಸರಿ. ಆದರೆ ೧೨ನ್ನು ೨೪ರಿಂದ ಭಾಗಿಸುವಾಗ ೨ನ್ನು ಹೊಡೆದರೆ ಬರುವುದು ಕಾಲು. ನಿಜವಾದ ಉತ್ತರ ಅರ್ಧ. ಮೊದಲಿನ ಎರಡು ಪ್ರಶ್ನೆಗಳಲ್ಲಿ ಬೆನ್ನು ತಟ್ಟಿಸಿಕೊಂಡ ಹುಡುಗನು ಮೂರನೆಯದರಲ್ಲಿ ಏಕೆ ಮುಗ್ಗರಿಸಿದನೆಂಬುದು ಗುರುತುಗಳನ್ನು ಎಣಿಸುವ ತಂದೆಗೆ ಎಂದಿಗೂ ತಿಳಿಯದು.

ಪಿ.ಯು.ಸಿ. ಮಟ್ಟದಲ್ಲಿಯೂ ಇದೇ ಕಥೆ. ಸೈನನ್ನು ಸೈನ್ ಕೊಸೈನ್‌ಗಳ ಮೊತ್ತದಿಂದ ಭಾಗಿಸಿ, ಸೊನ್ನೆಯಿಂದ ಪೈಯ ಅರ್ಧದವರೆಗೆ ಅನುಕಲನ ಮಾಡೆಂಬ ಪ್ರಶ್ನೆ ಪ್ರಸಿದ್ಧವಾದದ್ದು. ಇಂಥದಕ್ಕೆಲ್ಲ ಪೈಯ ಕಾಲು ಭಾಗವೇ ಉತ್ತರವೆಂದು ತರಬೇತಿಯ ಕೋಣೆಯಲ್ಲಿ ಬಾಯಿಪಾಠ ಮಾಡಿದವನೂ ಗುರುತು ಹಾಕುತ್ತಾನೆ. ಸೈನಿನ ಸ್ಥಾನಕ್ಕೆ ಕೊಸೈನ್ ಬಂದರೂ ಬೆಲೆ ಬದಲಾಗದು, ಎರಡನ್ನೂ ಕೂಡಿಸಿದರೆ ಪೈಯ ಅರ್ಧವಾಗುತ್ತದೆ, ಆದುದರಿಂದ ಒಂದೊಂದೂ ಕಾಲು ಎಂದು ಕಂಡವಳೂ ಅದೇ ಗುರುತು ಹಾಕುತ್ತಾಳೆ. ಛೇದದ ಕೊಸೈನಿನ ಮುಂದೆ ೨ ಎಂಬ ಗುಣಕವೊಂದನ್ನು ಇಟ್ಟುಬಿಟ್ಟರೆ ಬಾಯಿಪಾಠದವನು ಅಲ್ಲಿಯೇ ನಿಲ್ಲುತ್ತಾನೆ. ಕಾರಣವನ್ನು ಕಂಡವಳು ಆ ಹೊಂದಿಕೆ ಕೆಟ್ಟಿತೆಂದು ತಿಳಿದು ಬೇರೆ ದಾರಿಯನ್ನು ಹುಡುಕುತ್ತಾಳೆ. ಪಟ್ಟಿಯ ದೃಷ್ಟಿಯಲ್ಲಿ ಇಬ್ಬರೂ ಸಮಾನರು. ಇಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷದಲ್ಲಿ ಅವರು ಸಮಾನರಾಗಿ ಉಳಿಯುವುದಿಲ್ಲ.

ಕಾರಣವನ್ನು ಬಿಟ್ಟ ಉತ್ತರವು ಈ ನಾಡಿನ ಗಣಿತಕ್ಕೆ ಪರಕೀಯ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಕಾಲದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದನು. ಅಷ್ಟಕ್ಕೇ ನಿಲ್ಲಿಸಿದ್ದರೆ ಅದೊಂದು ಅಪ್ಪಣೆಯಾಗುತ್ತಿತ್ತು. ಋಣಸಂಖ್ಯೆಯು ಸ್ವಭಾವದಿಂದಲೇ ವರ್ಗವಲ್ಲ, ಆದಕಾರಣ ಅದಕ್ಕೆ ಮೂಲವಿಲ್ಲವೆಂದು ಕಾರಣವನ್ನೂ ಇಟ್ಟನು. ಆ ಕಾರಣವನ್ನು ತಿಳಿದವನಿಗೆ ತಾನೆ, ಇಂದು ಪಿ.ಯು.ಸಿ. ಮೊದಲ ವರ್ಷದಲ್ಲಿ ಕಲಿಸುವ ಮಿಶ್ರಸಂಖ್ಯೆಗಳು ಏತಕ್ಕೆ ಬೇಕಾದುವೆಂಬುದು ಅರ್ಥವಾಗುವುದು? ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದದ್ದು ವ್ಯವಹಾರ ಮಾಡುವವನಿಗೆ ಲೆಕ್ಕದ ದಾರಿ ತಿಳಿಯಲೆಂದು. ದಾರಿಯನ್ನು ಕನ್ನಡಿಗರ ಮನೆಬಾಗಿಲಿಗೆ ತಂದ ಪರಂಪರೆಯವರು ಈಗ ನಾಲ್ಕು ಗುರುತುಗಳ ಮುಂದೆ ಕೈಮುಗಿದು ನಿಂತಿದ್ದಾರೆ.

ಇದುವರೆಗೆ ಹೇಳಿದ್ದು ಮನೆಗಳ ದೋಷ. ಇದಕ್ಕಿಂತ ದೊಡ್ಡದು ಪರೀಕ್ಷೆ ನಡೆಸುವವರ ದೋಷ. ಪರೀಕ್ಷೆಯಾದ ಕೆಲವು ದಿನಗಳಲ್ಲಿ ಪ್ರಾಧಿಕಾರದವರು ತಾತ್ಕಾಲಿಕ ಕೀ ಉತ್ತರಗಳನ್ನು ಪ್ರಕಟಿಸಿ ಆಕ್ಷೇಪಣೆಗಳನ್ನು ಆಹ್ವಾನಿಸುತ್ತಾರೆ. ಆಕ್ಷೇಪಿಸುವ ಅಭ್ಯರ್ಥಿಯು ಪುಸ್ತಿಕೆಯ ಸಂಕೇತವನ್ನೂ ಪ್ರಶ್ನೆಯ ಸಂಖ್ಯೆಯನ್ನೂ ತಿಳಿಸಿ, ಸಮರ್ಥನೆಯನ್ನು ಆಧಾರಸಹಿತ ಒದಗಿಸಬೇಕು. ಇದು ನ್ಯಾಯವೇ. ಆದರೆ ಅಭ್ಯರ್ಥಿಯ ಕೈಗೆ ಬಂದಿರುವುದೇನು? ಒಂದು ಸಂಖ್ಯೆ, ಅದರ ಮುಂದೆ ಒಂದು ಗುರುತು. ಹದಿನೆಂಟು ವಯಸ್ಸಿನ ಹುಡುಗಿ ಕಾರಣ ಕೊಡಬೇಕು. ತಜ್ಞರು ಗುರುತು ಕೊಟ್ಟರೆ ಸಾಕು! ಪರೀಕ್ಷಿಸಲ್ಪಡುವವಳಿಗೆ ಸಾಧನೆಯ ಹೊಣೆ, ಪರೀಕ್ಷಿಸುವವರಿಗೆ ಮೌನದ ಹಕ್ಕು ಎಂಬ ಈ ಏರ್ಪಾಡು ಯಾವ ನ್ಯಾಯಶಾಸ್ತ್ರದಲ್ಲಿದೆ? ಮನೆಯಲ್ಲಿ ಗಣಿತ ಬಲ್ಲವರಿರುವ ಹುಡುಗಿಯೂ ದುಬಾರಿ ತರಬೇತಿಗೆ ಹೋದ ಹುಡುಗನೂ ಹೇಗಾದರೂ ಆಕ್ಷೇಪಣೆಯನ್ನು ಬರೆಸಿಯಾರು. ಹರಿಹರ ತಾಲ್ಲೂಕಿನ ಹಳ್ಳಿಯೊಂದರಿಂದ ಬಸ್ಸು ಹಿಡಿದು ಬರುವ ಕೂಲಿಕಾರನ ಮಗಳಿಗೆ ಯಾರು ಬರೆದುಕೊಡುವರು? ತನ್ನದೇ ತಪ್ಪಿರಬೇಕೆಂದು ಆಕೆ ಸುಮ್ಮನಾಗುತ್ತಾಳೆ. ಸರಿಯಾದ ಉತ್ತರವನ್ನು ಬರೆದವಳು ತಪ್ಪೊಪ್ಪಿಕೊಂಡು ಸುಮ್ಮನಾಗುವುದಕ್ಕಿಂತ ದೊಡ್ಡ ಅನ್ಯಾಯ ವಿದ್ಯೆಯ ಲೋಕದಲ್ಲಿ ಇಲ್ಲ.

ಕೀ ಉತ್ತರಗಳು ತಪ್ಪುವುದಿಲ್ಲವೆಂದು ಯಾರೂ ಹೇಳಲಾರರು. ಉತ್ತರ ಪ್ರದೇಶದ ವೈದ್ಯಕೀಯ ಪ್ರವೇಶ ಪರೀಕ್ಷೆಯ ವಿಷಯವಾಗಿ ಕಾನ್ಪುರ ವಿಶ್ವವಿದ್ಯಾನಿಲಯದ ಮೇಲೆ ನಡೆದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೮೩ರಲ್ಲಿಯೇ ಇದನ್ನು ವಿಚಾರಿಸಿತು. ಸ್ಪಷ್ಟವಾಗಿ ತಪ್ಪೆಂದು ಸಿದ್ಧವಾಗುವವರೆಗೆ ಕೀ ಉತ್ತರವನ್ನು ಸರಿಯೆಂದೇ ಭಾವಿಸಬೇಕೆಂದು ನಿಯಮವನ್ನು ಹೇಳಿ, ಹಾಗೆ ತಪ್ಪೆಂದು ಸಿದ್ಧವಾದುದರಿಂದ ವಿದ್ಯಾರ್ಥಿಗಳ ಪಕ್ಷವನ್ನೇ ಎತ್ತಿಹಿಡಿಯಿತು. ೨೦೨೪ರ ನೀಟ್ ಪರೀಕ್ಷೆಯಲ್ಲಿ ಪರಮಾಣುವನ್ನು ಕುರಿತ ಒಂದೇ ಪ್ರಶ್ನೆಗೆ ಎರಡು ಉತ್ತರಗಳನ್ನು ಸರಿಯೆಂದು ಗಣಿಸಲಾಗಿತ್ತು. ಹಳೆಯ ಪಠ್ಯಪುಸ್ತಕ ಒಂದು ಹೇಳಿತ್ತು, ಹೊಸದು ಇನ್ನೊಂದು. ಜುಲೈ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಅಪ್ಪಣೆಯಂತೆ ದೆಹಲಿಯ ಐ.ಐ.ಟಿ.ಯ ಮೂವರು ತಜ್ಞರು ನೋಡಿ ಒಂದೇ ಉತ್ತರ ಸರಿಯೆಂದರು. ಮೊದಲು ೬೭ ಮಂದಿಗೆ ಪೂರ್ಣಾಂಕ ದೊರೆತಿದ್ದ ಆ ಫಲಿತಾಂಶದಲ್ಲಿ, ಕೃಪಾಂಕಗಳು ರದ್ದಾಗಿ ಈ ತಿದ್ದುಪಡಿಯೂ ಆದ ಮೇಲೆ ಉಳಿದವರು ೧೭ ಮಂದಿ. ಒಂದು ಗುರುತಿನ ಬೆಲೆ ಇಷ್ಟು!

ನಮ್ಮ ರಾಜ್ಯದ ಅನುಭವವೂ ಹಳೆಯದಾಗಿಲ್ಲ. ೨೦೨೪ರ ಸಿ.ಇ.ಟಿ.ಯಲ್ಲಿ ಆ ವರ್ಷದ ಪಠ್ಯಕ್ರಮದಿಂದ ಕೈಬಿಟ್ಟಿದ್ದ ಭಾಗಗಳ ಮೇಲೆ ಪ್ರಶ್ನೆಗಳು ಬಂದುವು. ಅದನ್ನು ಕಂಡುಹಿಡಿದವರು ಯಾರು? ಪ್ರಶ್ನೆಗಳನ್ನು ಮನೆಗೆ ತಂದು ಪಠ್ಯದೊಡನೆ ತಾಳೆ ನೋಡಿದ ವಿದ್ಯಾರ್ಥಿಗಳು, ತಾಯಿತಂದೆಗಳು, ಉಪನ್ಯಾಸಕರು. ಅವರ ಕೂಗಿನ ಫಲವಾಗಿ ನಾಲ್ಕು ವಿಷಯಗಳಿಂದ ೫೦ ಪ್ರಶ್ನೆಗಳನ್ನು ಕೈಬಿಡಲಾಯಿತು. ಗಣಿತದಲ್ಲಿಯೇ ೧೫, ಎಂದರೆ ಪತ್ರಿಕೆಯ ಕಾಲು ಭಾಗ. ಆ ಹದಿನೈದರಲ್ಲಿ ಕಾಲವನ್ನು ಕಳೆದ ಮಗುವಿಗೆ ಆ ನಿಮಿಷಗಳು ಹಿಂದಕ್ಕೆ ಬರಲಿಲ್ಲವೆಂಬುದು ನಿಜ. ಆದರೂ ಗುರುತನ್ನು ಬಿಟ್ಟು ಪ್ರಶ್ನೆಯನ್ನೇ ಓದಿದ ತಾಳೆಯು ಏನನ್ನು ಸಾಧಿಸಬಲ್ಲುದೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಡ.

ಸಿ.ಇ.ಟಿ. ಹುಟ್ಟಿದ್ದೇ ಕಾರಣವನ್ನು ಬಹಿರಂಗಪಡಿಸಲೆಂದು. ದಾವಣಗೆರೆಯಲ್ಲಿ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು ೧೯೫೧ರಲ್ಲಿಯೂ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ೧೯೬೫ರಲ್ಲಿಯೂ ಸ್ಥಾಪಿತವಾದುವು. ಮುಂದೆ ರಾಜ್ಯದ ಉದ್ದಗಲಕ್ಕೂ ಖಾಸಗಿ ಕಾಲೇಜುಗಳು ಹೆಚ್ಚಿದಂತೆ ಸೀಟಿನ ಬೆಲೆ ಎಂಬ ಮಾತು ಮನೆಮನೆಯಲ್ಲಿ ಕೇಳಿಬಂದಿತು. ೧೯೯೨ರಲ್ಲಿ ಕರ್ನಾಟಕದ್ದೇ ಆದ ಮೋಹಿನಿ ಜೈನ್ ವ್ಯಾಜ್ಯದಲ್ಲಿಯೂ ೧೯೯೩ರಲ್ಲಿ ಉನ್ನಿಕೃಷ್ಣನ್ ವ್ಯಾಜ್ಯದಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ಕ್ಯಾಪಿಟೇಶನ್ ಹಣವನ್ನು ಖಂಡಿಸಿದ ಮೇಲೆ, ೧೯೯೪ರಲ್ಲಿ ಸಿ.ಇ.ಟಿ. ಘಟಕವು ಏರ್ಪಟ್ಟಿತು. ಇವನಿಗೆ ಏಕೆ ಸೀಟು, ಅವಳಿಗೆ ಏಕೆ ಇಲ್ಲ ಎಂದು ಕೇಳಿದವರಿಗೆ ಥೈಲಿಯ ತೂಕವನ್ನಲ್ಲದೆ ಎಲ್ಲರೂ ನೋಡಬಹುದಾದ ಕಾರಣವನ್ನು ತೋರಿಸಬೇಕೆಂಬುದೇ ಅದರ ಜೀವಾಳ. ಗುರುತಿನ ಹಿಂದಿನ ಸಾಧನೆಯನ್ನು ಮುಚ್ಚಿಡುವುದು ಆ ಜೀವಾಳಕ್ಕೇ ವಿರೋಧ.

ಒಂದು ಅಂಕದಿಂದ ಏನಾದೀತೆಂದು ಕೆಲವರು ಹಗುರವಾಗಿ ನುಡಿಯುವುದುಂಟು. ಹರಿಹರದಲ್ಲಿ ಹದಿಮೂರನೆಯ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವನು ಕಟ್ಟಿಸಿದ ದೇವಾಲಯದ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ, ಹೆಚ್ಚುಕಡಮೆಯಿಲ್ಲ. ಇಂಜಿನಿಯರಿಂಗ್ ಸೀಟಿನ ರ್ಯಾಂಕೂ ಹಾಗೆಯೇ ಅರ್ಧ ಪಿ.ಯು.ಸಿ., ಅರ್ಧ ಸಿ.ಇ.ಟಿ. ಆದರೆ ಇಲ್ಲಿ ಎರಡು ಅರ್ಧಗಳೊಳಗಿನ ಅಂಕಗಳು ಸಮವಲ್ಲ. ಪಿ.ಯು.ಸಿ.ಯಲ್ಲಿ ಮೂರು ವಿಷಯಗಳಿಗೆ ೩೦೦ ಅಂಕ, ಸಿ.ಇ.ಟಿ.ಯಲ್ಲಿ ೧೮೦. ಆದುದರಿಂದ ಸಿ.ಇ.ಟಿ.ಯ ಒಂದು ಅಂಕವು ಪಿ.ಯು.ಸಿ.ಯ ಸುಮಾರು ಒಂದೂ ಮುಕ್ಕಾಲು ಅಂಕಕ್ಕೆ ಹತ್ತಿರ. ೭೦ ಕ್ಷಣಗಳಲ್ಲಿ ಹಾಕಿದ ಒಂದು ಗುರುತು, ಸಾಲುಸಾಲಾಗಿ ಸಾಧಿಸಿ ತೋರಿಸಿದ ಒಂದೂವರೆ ಅಂಕವನ್ನು ಅಳಿಸಿಹಾಕಬಲ್ಲುದು. ಇಷ್ಟು ತೂಕವುಳ್ಳ ಗುರುತಿಗೆ ಎರಡು ಸಾಲಿನ ಕಾರಣ ಬೇಡವೆ?

ಅದಕ್ಕೆ ಬಹಳ ಶ್ರಮವಾದೀತು, ಕಾಲ ಸಾಲದು ಎಂಬ ಸಮಾಧಾನ ನಿಲ್ಲಲಾರದು. ತಜ್ಞರು ಉತ್ತರವನ್ನು ನಿರ್ಣಯಿಸುವಾಗ ಸಾಧಿಸಿಯೇ ನಿರ್ಣಯಿಸಿರಬೇಕಷ್ಟೆ. ಹಾಗಿದ್ದರೆ ಸಾಧನೆಯು ಅವರ ಕಾಗದದಲ್ಲಿಯೇ ಇದೆ. ಸಂಕೇತಗಳು ಎಷ್ಟಿದ್ದರೂ ಪ್ರಶ್ನೆಗಳು ಅರುವತ್ತೇ. ಎಲ್ಲವನ್ನೂ ಪ್ರಕಟಿಸಲಾಗದಿದ್ದರೆ, ಆಕ್ಷೇಪಣೆ ಬಂದ ಪ್ರಶ್ನೆಗಳಿಗಾದರೂ, ಇಂಥ ಆಕ್ಷೇಪಣೆ ಬಂದಿತು, ಈ ಕಾರಣದಿಂದ ಒಪ್ಪಿದೆವು, ಈ ಕಾರಣದಿಂದ ಒಪ್ಪಲಿಲ್ಲ ಎಂದು ಅಂತಿಮ ಕೀ ಉತ್ತರದ ಜೊತೆಯಲ್ಲಿ ಬರೆದು ತಿಳಿಸಲಿ. ಅದು ಉಪಕಾರವಲ್ಲ, ಋಣ.

ತರಬೇತಿ ಸಂಸ್ಥೆಗಳ ಪಟ್ಟಿಗಳನ್ನು ನೆಚ್ಚಿಕೊಳ್ಳುವ ಅಭ್ಯಾಸವನ್ನೂ ಮನೆಗಳು ಬಿಡಬೇಕು. ಯಾರು ಮೊದಲು ಪ್ರಕಟಿಸುತ್ತಾರೆಂಬ ಪೈಪೋಟಿಯಲ್ಲಿ ಅವಸರದಿಂದ ಹುಟ್ಟಿದ ಪಟ್ಟಿಗೆ ಪ್ರಾಧಿಕಾರದ ಅಧಿಕಾರವೂ ಇಲ್ಲ, ಶಾಸ್ತ್ರದ ನಿಧಾನವೂ ಇಲ್ಲ. ಅದರ ಮುಂದೆ ಮಗುವನ್ನು ನಿಲ್ಲಿಸಿ ವಿಚಾರಣೆ ನಡೆಸುವುದು, ಊರ ಜಾಹೀರಾತಿಗೆ ಮನೆಯ ನೆಮ್ಮದಿಯನ್ನು ಒತ್ತೆಯಿಟ್ಟಂತೆ.

ಮಾಡಬೇಕಾದದ್ದು ಕಷ್ಟವೇನೂ ಅಲ್ಲ. ಕಡೆಯ ಪತ್ರಿಕೆ ಮುಗಿಯುವವರೆಗೆ ಮನೆಯವರು ಉತ್ತರದ ಸುದ್ದಿಯನ್ನೇ ಎತ್ತಕೂಡದು. ಮಗುವಿಗೆ ಊಟ, ನಿದ್ದೆ, ಹಿತವಾದ ಮಾತು, ಇಷ್ಟು ಸಾಕು. ಆಮೇಲೆ ಒಂದು ಬೆಳಿಗ್ಗೆ ಪೆನ್ಸಿಲನ್ನೂ ಕಾಗದವನ್ನೂ ಮುಂದಿಟ್ಟುಕೊಂಡು, ಪ್ರಶ್ನೆಯನ್ನು ಓದಿ, ಹೇಗೆ ಬಂದಿತು ಎಂದು ಕೇಳಲಿ. ತಂದೆಗೆ ಗಣಿತ ಬಾರದಿದ್ದರೂ ಚಿಂತೆಯಿಲ್ಲ. ಬಾರದವನಿಗೆ ಬಿಡಿಸಿ ಹೇಳುವಾಗಲೇ ಮಗಳಿಗೆ ತನ್ನ ತಪ್ಪು ಕಾಣುವುದು. ಊರಿನ ಕಾಲೇಜುಗಳ ಗಣಿತದ ಉಪನ್ಯಾಸಕರು ಪರೀಕ್ಷೆಯ ಮುಂದಿನ ಭಾನುವಾರ ದಾವಣಗೆರೆಯಲ್ಲೊಂದು, ಹರಿಹರದಲ್ಲೊಂದು ಸಭೆ ಕೂಡಿಸಿ, ಶುಲ್ಕವಿಲ್ಲದೆ, ಬಂದವರೆಲ್ಲರೆದುರು ಪತ್ರಿಕೆಯನ್ನು ಕರಿಹಲಗೆಯ ಮೇಲೆ ಸಾಧಿಸಿ ತೋರಿಸಲಿ. ಆಕ್ಷೇಪಣೆಗೆ ಯೋಗ್ಯವಾದದ್ದು ಕಂಡರೆ ಹಳ್ಳಿಯ ಮಕ್ಕಳ ಪರವಾಗಿ ಬರೆದುಕೊಡಲಿ. ಶಿವರಾತ್ರಿಗೆ ಹರಿಕಥೆ ಏರ್ಪಡಿಸಬಲ್ಲ ಊರುಗಳಿಗೆ ಇದು ಭಾರವಾಗದು.

ಸೀಟು ಕೆಲವರಿಗೆ ಸಿಕ್ಕೀತು, ಕೆಲವರಿಗೆ ಸಿಕ್ಕದೆ ಹೋದೀತು. ಸಂಖ್ಯೆ ಮಿತವಾಗಿರುವಲ್ಲಿ ಅದು ಅನಿವಾರ್ಯ. ಸಿಕ್ಕದವರಿಗೂ ಏಕೆ ಸಿಕ್ಕಲಿಲ್ಲವೆಂದು ತಿಳಿಯುವ ಅಧಿಕಾರವಿದೆ. ಅದನ್ನು ಪ್ರಾಧಿಕಾರವು ಕಾಗದದ ಮೇಲೆ ಸಲ್ಲಿಸಬೇಕು, ತಾಯಿತಂದೆಗಳು ತಾಳ್ಮೆಯಿಂದ ಸಲ್ಲಿಸಬೇಕು. ಅಲ್ಲಿಯವರೆಗೆ, ಸಂಜೆಯಲ್ಲಿ ಮನೆಗೆ ಬಂದ ಮಗುವಿಗೆ ಎಷ್ಟು ಬಂದಿತು ಎಂದು ಕೇಳುವ ಮೊದಲು, ಗಣಿತವು ಎಂದೂ ಎಷ್ಟು ಎಂಬಲ್ಲಿಗೆ ಮುಗಿಯುವ ವಿದ್ಯೆಯಲ್ಲವೆಂಬುದನ್ನು ಹಿರಿಯರು ನೆನೆಯಲಿ.